ಬಲಗಡೆಯಿಂದ ಬರೆದ ಅಕ್ಷರ

ಸಂಪು, ಸಭೆ, ಮೆರವಣಿಗೆಗಳಿಗೆ ಪೋಸ್ಟರ್ ಬರೆಯುವ ನಾಲ್ಕು ಜನ ಹುಡುಗರು ಹೋದ ತಿಂಗಳು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ನಾನು ಸೊಲ್ಲಾಪುರದ ಕಲ್ಲಚ್ಚಿನ ಪ್ರೆಸ್ಸಿನಲ್ಲಿ ದುಡಿದವನೆಂದು ಯಾರೋ ಅವರಿಗೆ ಹೇಳಿದ್ದರಂತೆ. ‘ಅಜ್ಜಾರ, ಆಗ ಹೆಂಗ ಮಾಡತಿದ್ರಿ ಅನ್ನೂದು ಬರದು ಕೊಡ್ರಿ’ ಎಂದರು. ‘ಕನ್ನಡದಾಗ ಬರದ್ರ ಓದತೀರೇನು?’ ಎಂದು ಕೇಳಿದೆ. ಒಬ್ಬ ತಲೆ ಕೆರೆದುಕೊಂಡು, ‘ಮರಾಠಿ ಆದ್ರ ಲಗೂನ ಓದತೀವಿ. ಕನ್ನಡ ಆದ್ರ ಸಾವಕಾಶ ಓದತೀವ್ರಿ. ಅಕ್ಷರ ದೊಡ್ಡೂ ಮಾಡ್ರಿ ಅಷ್ಟ’ ಎಂದ. ಸಾವಕಾಶ ಓದುವವರಿಗಾಗಿ ಬರೆಯುವುದೇ ನನ್ನ ಕಸುಬಾಗಿತ್ತು. ಆದ್ದರಿಂದ ಒಪ್ಪಿಕೊಂಡೆ.

ಅವರು ಕೇಳಿದ್ದು ಕೆಲಸದ ರೀತಿ. ಅದನ್ನು ಬರೆಯುತ್ತೇನೆ. ಆದರೆ ನಡುವೆ ಒಂದು ಸಂಗತಿ ಬರುತ್ತದೆ. ಅದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ನಾನು ಒಬ್ಬ ಮನುಷ್ಯನನ್ನು ಜೇಲಿಗೆ ಕಳಿಸಿದ್ದೇನೆ. ಹೆಸರು ಹೇಳಿ ಕಳಿಸಿದ್ದಲ್ಲ, ಚಾಡಿ ಹೇಳಿಯೂ ಅಲ್ಲ. ಒಂದು ಅಕ್ಷರವನ್ನು ಬಹಳ ಚೆನ್ನಾಗಿ ಓದಿದ್ದರಿಂದ ಹಾಗಾಯಿತು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ನನ್ನ ಊರು ನಾಗಣಸೂರ. ಮನೆಯಲ್ಲಿ ಹೊಲವಿತ್ತು, ನೋಡಿಕೊಳ್ಳಲು ಇಬ್ಬರು ಅಣ್ಣಂದಿರಿದ್ದರು. ನಾನು ಅಕ್ಕಲಕೋಟೆಯಲ್ಲಿ ಹೈಸ್ಕೂಲು ಓದಿದೆ. ಪುಸ್ತಕದ ಅಂಚಿನಲ್ಲಿ ಮಾಸ್ತರರ ಮೂಗು ಬರೆಯುವ ಚಟವಿತ್ತು. ಒಬ್ಬ ಮಾಸ್ತರರು ತಮ್ಮ ಮೂಗನ್ನು ತಾವೇ ಗುರುತಿಸಿ, ನನ್ನ ಕಿವಿ ಹಿಂಡಿ, ಆಮೇಲೆ ಸೊಲ್ಲಾಪುರದ ನವಿ ಪೇಠೆಯ ಹಿಂದಿನ ಗಲ್ಲಿಯಲ್ಲಿದ್ದ ಪ್ರೆಸ್ಸಿನ ಮಾಲಕರಿಗೆ ಚೀಟಿ ಬರೆದುಕೊಟ್ಟರು. ಇಪ್ಪತ್ತರ ದಶಕದ ನಡುಭಾಗದಲ್ಲಿ ಅಲ್ಲಿಗೆ ಹೋಗಿ ಸೇರಿದೆ.

ಅಲ್ಲಿ ಅಚ್ಚಾಗುತ್ತಿದ್ದುದು ಮಿಲ್ಲಿನ ಬಟ್ಟೆಯ ಗಂಟುಗಳಿಗೆ ಅಂಟಿಸುವ ಬಣ್ಣದ ಚೀಟಿ, ಬೀಡಿ ಕಟ್ಟಿನ ಲೇಬಲ್ಲು, ಊದಿನಕಡ್ಡಿಯ ಪುಡಕೆಗೆ ದೇವರ ಚಿತ್ರ. ಕಲ್ಲಚ್ಚು ಎಂದರೆ ಹೀಗೆ: ನುಣ್ಣಗೆ ಅರೆದ ದಪ್ಪನೆಯ ಕಲ್ಲಿನ ಮೇಲೆ ಎಣ್ಣೆಯ ಅಂಶವಿರುವ ಶಾಯಿಯಿಂದ ಬರೆಯುವುದು. ಕಲ್ಲಿಗೆ ನೀರು ಸವರಿದರೆ ಬರೆದ ಕಡೆ ನೀರು ನಿಲ್ಲುವುದಿಲ್ಲ. ಅಲ್ಲಿ ಬಣ್ಣ ಹಿಡಿಯುತ್ತದೆ, ಉಳಿದ ಕಡೆ ಹಿಡಿಯುವುದಿಲ್ಲ. ಮೇಲೆ ಕಾಗದ ಒತ್ತಿ ತೆಗೆದರೆ ಚಿತ್ರ ಬರುತ್ತದೆ, ಆದರೆ ಎಡ ಬಲವಾಗಿ, ಬಲ ಎಡವಾಗಿ ಬರುತ್ತದೆ. ಹಾಗಾಗಿ ಕಲ್ಲಿನ ಮೇಲೆ ಎಲ್ಲವನ್ನೂ ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿಯೇ ಬರೆಯಬೇಕು. ಇದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು.

ಕಲಿಸಿದವರು ಇಮಾಮಸಾಬರು. ಪ್ರೆಸ್ಸಿನ ಹಿರಿಯ ಬರಹಗಾರರು. ಎಲ್ಲರೂ ಅವರನ್ನು ಉಸ್ತಾದರು ಎನ್ನುತ್ತಿದ್ದರು. ಉರ್ದು, ಮರಾಠಿ, ಕನ್ನಡ, ತೆಲುಗು ನಾಲ್ಕನ್ನೂ ಕಲ್ಲಿನ ಮೇಲೆ ತಿರುಗಿಸಿ ಬರೆಯುತ್ತಿದ್ದರು. ಕೂದಲಿನಷ್ಟು ಸಣ್ಣ ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಿದ್ದರು. ಗೆರೆ ಮುಗಿದ ಮೇಲೆ ಉಸಿರು ಬಿಟ್ಟು, ‘ಹಾಂ, ಈಗ ಬೈಯ್ಯಾಕ ತಯಾರಾದೆ. ಯಾರೇನು ತಪ್ಪು ಮಾಡೀರಿ?’ ಎಂದು ಕೇಳುತ್ತಿದ್ದರು.

ನಾನು ಮಾಡಿದ ಮೊದಲ ದೊಡ್ಡ ತಪ್ಪು ಊದಿನಕಡ್ಡಿಯ ಮೈಲಾರಲಿಂಗನದು. ಕುದುರೆ ಮೇಲೆ ಕತ್ತಿ ಹಿರಿದು ಕೂತ ದೇವರು. ಕೆಳಗಿನ ಅಕ್ಷರಗಳನ್ನು ಜಾಗರೂಕತೆಯಿಂದ ತಿರುಗಿಸಿ ಬರೆದೆ. ಚಿತ್ರವನ್ನು ಮಾತ್ರ ಕಂಡ ಹಾಗೆಯೇ ಬರೆದುಬಿಟ್ಟೆ. ಅಚ್ಚಾಗಿ ಹೋದ ಮೇಲೆ ಅಂಗಡಿಯವರು ಗಂಟು ವಾಪಸು ತಂದು ಮಾಲಕರ ಮುಂದೆ ಒಗೆದರು. ಕುರಿ ಕಾಯುವ ಒಬ್ಬ ಮುದುಕ ಪುಡಕೆ ನೋಡಿ, ‘ನಮ್ಮ ದೇವ್ರು ಯಾವಾಗ ಎಡಚ ಆದ?’ ಎಂದು ಕೇಳಿದ್ದನಂತೆ. ಕತ್ತಿ ದೇವರ ಎಡಗೈಯಲ್ಲಿತ್ತು. ಮಾಲಕರು ಮರಾಠಿಯಲ್ಲಿ ಬೈದರು, ಸಾಲದೆನಿಸಿ ಕನ್ನಡದಲ್ಲಿ ಬೈದರು. ಉಸ್ತಾದರು ತಲೆ ಎತ್ತದೆ, ‘ಇರ್ಲಿ ಬಿಡ್ರಿ ಮಾಲಕ. ಅಷ್ಟ ವರ್ಷ ಕತ್ತಿ ಹಿಡದಾನ. ಬಲಗೈಗೆ ಒಂದಿನ ಸೂಟಿ ಬ್ಯಾಡೇನು?’ ಎಂದರು. ಮಾಲಕರಿಗೆ ನಗು ತಡೆಯಲಾಗಲಿಲ್ಲ. ನನ್ನ ಕೆಲಸ ಉಳಿಯಿತು.

ಪ್ರೆಸ್ಸಿನಲ್ಲಿ ಕಲ್ಲು ಅರೆಯುವವನೊಬ್ಬನಿದ್ದ. ಬೀರಪ್ಪ, ತಡವಳದ ಕುರುಬರವನು. ನನಗಿಂತ ಆರೇಳು ವರ್ಷ ದೊಡ್ಡವನು. ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲಿಟ್ಟು, ನಡುವೆ ಉಸುಕು ನೀರು ಹಾಕಿ, ಹಳೆಯ ಚಿತ್ರ ಅಳಿಸುವ ತನಕ ತಿಕ್ಕುವುದು ಅವನ ಕೆಲಸ. ಸಾಲೆಯ ಕಟ್ಟೆ ಹತ್ತಿದವನಲ್ಲ. ನಮ್ಮ ಮನೆಯಲ್ಲಿ ಹೊಲವಿದೆಯೆಂದು ನನ್ನನ್ನು ಚೇಷ್ಟೆಗೆ ಗೌಡ್ರೇ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವನು ಅಂಗಳದಲ್ಲಿ ಕನ್ನಡದ ಪತ್ರಿಕೆಯೊಂದನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತಿದ್ದ. ಓದಬೇಕಾದ ಮುಖ ಸೂರ್ಯನ ಕಡೆಗಿತ್ತು. ಅವನ ಕಡೆಗಿದ್ದದ್ದು ಕಾಗದದ ಬೆನ್ನು.

‘ಏನ್ ನೋಡಾಕತ್ತೀದಿ ಬೀರಪ್ಪ?’

‘ಓದಾಕತ್ತೀನ್ರಿ ಗೌಡ್ರ.’

‘ಉಲ್ಟಾ ಹಿಡದೀದಲ್ಲೋ ಮಾರಾಯ.’

‘ನಿಮಗ ಉಲ್ಟಾ. ನನಗ ಇದ ಸುಲ್ಟಾ.’

ಅವನು ಒಂದೊಂದೇ ಅಕ್ಷರ ಕೂಡಿಸಿ ಎರಡು ಸಾಲು ಓದಿ ತೋರಿಸಿದ. ತಪ್ಪಿರಲಿಲ್ಲ. ವರ್ಷಗಟ್ಟಲೆ ಕಲ್ಲು ತಿಕ್ಕುತ್ತ, ಅಳಿಸುವ ಮೊದಲು ಒಂದೊಂದು ಅಕ್ಷರದ ಹೆಸರನ್ನು ಉಸ್ತಾದರಿಂದ ಕೇಳಿ ತಿಳಿದುಕೊಂಡಿದ್ದ. ಅವನು ಕಲಿತ ಕನ್ನಡವೆಲ್ಲ ಕಲ್ಲಿನ ಕನ್ನಡ, ತಿರುಗಿಸಿ ಬರೆದ ಕನ್ನಡ. ಆಮೇಲೆ ಉಸ್ತಾದರೇ ಅವನಿಗೆ ನೆಟ್ಟಗಿನ ಅಕ್ಷರಗಳನ್ನೂ ತೋರಿಸಿಕೊಟ್ಟರು. ಆಕಾರ ಬಂತು, ಆದರೆ ಕೈ ಬದಲಾಗಲಿಲ್ಲ. ನಾವು ಅಕ್ಷರವನ್ನು ಎಡದಿಂದ ಸುರು ಮಾಡುತ್ತೇವೆ. ಅವನು ಬಲದಿಂದ ಸುರು ಮಾಡುತ್ತಿದ್ದ. ಬರೆದು ಮುಗಿಸಿದ ಮೇಲೆ ನೋಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನಿಗೆ ಅಕ್ಷರ ಬರುವುದು ಉಸ್ತಾದರನ್ನೂ ನನ್ನನ್ನೂ ಬಿಟ್ಟರೆ ಪ್ರೆಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾಲಕರಿಗಂತೂ ಅವನು ಹೆಬ್ಬೆಟ್ಟಿನವನೇ.

ಈಗ ಪೋಸ್ಟರಿನ ಮಾತು. ಮಿಲ್ಲಿನ ಕೂಲಿಕಾರರು ಪ್ರತಿಯೊಂದು ಖಾತೆಯಲ್ಲೂ, ಎಂದರೆ ವಿಭಾಗದಲ್ಲೂ, ಕುಡಿಯುವ ನೀರಿನ ಹರವಿಗಳನ್ನು ಜಾತಿಗೊಂದರಂತೆ ಇಡುವುದನ್ನು ನಿಲ್ಲಿಸಬೇಕೆಂದು ಕೇಳುತ್ತಿದ್ದರು. ಬೇಸಿಗೆಯಲ್ಲಿ ಹೊಲೆಯರ ಹರವಿ ಖಾಲಿಯಾದರೆ ಅವರು ಪಾಳಿ ಮುಗಿಯುವವರೆಗೆ ಒಣ ಗಂಟಲಲ್ಲಿ ನಿಲ್ಲಬೇಕಾಗಿತ್ತು. ಅವರಲ್ಲಿ ಇಬ್ಬರು ಬಂದು ಗೋಡೆಗೆ ಹಚ್ಚಲು ಚಿತ್ರ ಬೇಕೆಂದು ಕೇಳಿದರು. ಹೈಸ್ಕೂಲು ಕಲಿತವನು ನಾನು. ಯಾವುದೋ ಮಾಸಪತ್ರಿಕೆಯಲ್ಲಿ ನೋಡಿದ ಚಿತ್ರ ನೆನಪಿತ್ತು. ದೊಡ್ಡ ತೋಳಿನ ಗಂಡಸೊಬ್ಬ ಸರಪಳಿ ಹರಿಯುತ್ತಿರುವಂತೆ ಬರೆದುಕೊಟ್ಟೆ. ಮರುದಿನ ಮಿಲ್ಲಿನ ಗೇಟಿನ ಹತ್ತಿರ ನಿಂತು ಮಂದಿ ಏನೆನ್ನುತ್ತಾರೆ ಎಂದು ಕೇಳಿಸಿಕೊಂಡೆ. ‘ಸರ್ಕಸ್ ಎಲ್ಲಿ ಬಂದದಂತ?’ ಎಂದು ಒಬ್ಬ ಹೆಂಗಸು ಇನ್ನೊಬ್ಬಳನ್ನು ಕೇಳಿದಳು.

ಬೀರಪ್ಪ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಗೌಡ್ರ, ಮಂದಿ ಗ್ವಾಡಿ ನೋಡೂದು ನಡಕೋತ. ಪಾಳಿಗಿ ಹೊತ್ತಾಗಿರತದ. ನಿಂತ ನೋಡಬೇಕಂದ್ರ ಅವರದ ಏನರ ಅದರಾಗ ಇರಬೇಕು.’ ಅವನು ಎರಡು ದಿನ ಗೇಟಿನ ಮುಂದಿನ ಚಹಾದಂಗಡಿಯಲ್ಲಿ ಕೂತು ಬಂದ. ಆಮೇಲೆ ಬರೆದ. ಮೇಲಿನಿಂದ ಒಂದು ಧಾರೆ ನೀರು, ಕೆಳಗೆ ಬೊಗಸೆಗಳು. ಬರಿಯ ಕೈ, ಮುಖಗಳಿಲ್ಲ. ಬುಡದಲ್ಲಿ ‘ನೀರು ಎಲ್ಲಾರದು’ ಎಂದಷ್ಟೇ ಇತ್ತು.

‘ಇದರಾಗ ಯಾವ ಕೈ ಯಾವ ಜಾತಿದು?’ ಎಂದು ಕೇಳಿದೆ.

‘ನೀವ ಹೇಳ್ರಿ. ಹೈಸ್ಕೂಲ್ ಕಲತೀರಿ.’

ನನಗೆ ಹೇಳಲಾಗಲಿಲ್ಲ. ಅದೇ ಆ ಚಿತ್ರದ ಗುಟ್ಟು. ಗೇಟಿನ ಗೋಡೆಯ ಮುಂದೆ ಜನ ನಿಂತರು. ನೂಲಿನ ಖಾತೆಯ ಒಬ್ಬ ಹೆಂಗಸು ಹತ್ತಿರ ಹೋಗಿ, ಬೆರಳಿನ ತುದಿ ಇಲ್ಲದ ಒಂದು ಬೊಗಸೆಯ ಪಕ್ಕ ತನ್ನ ಕೈ ಇಟ್ಟು ನೋಡಿ, ‘ಇದು ನಂದ ಅದ’ ಎಂದಳು. ಅವಳ ಬೆರಳು ಯಂತ್ರಕ್ಕೆ ಹೋಗಿತ್ತು. ಬೀರಪ್ಪ ಚಹಾದಂಗಡಿಯಲ್ಲಿ ಅದನ್ನು ನೋಡಿಟ್ಟುಕೊಂಡಿದ್ದ. ಪೋಸ್ಟರ್ ಬರೆಯುವ ಹುಡುಗರಿಗೆ ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದನ್ನು ಬಣ್ಣದಂಗಡಿಯವನು ಹೇಳಿಕೊಡುತ್ತಾನೆ. ಆ ಖಾತೆಯಲ್ಲಿ ಹರವಿಗಳು ಒಂದಾಗಲು ಮತ್ತೂ ಬಹಳ ದಿನ ಬೇಕಾದವು. ಆದರೆ ಆ ಚಿತ್ರವನ್ನು ಹರಿದು ಹಾಕಿದಾಗಲೆಲ್ಲ ಮತ್ತೊಂದು ಬರುತ್ತಿತ್ತು.

ನನಗೆ ಹೊಟ್ಟೆಕಿಚ್ಚಾಯಿತೆ? ಆಗ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಈಗ ಗೊತ್ತಿಲ್ಲ ಎನ್ನುತ್ತೇನೆ. ಕುತೂಹಲವಂತೂ ಬಹಳ ಇತ್ತು. ಅವನ ಪೋಸ್ಟರ್ ಗೋಡೆಯಲ್ಲಿ ಕಂಡರೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದೆ. ಹಾಗೆ ನೋಡುತ್ತ ನೋಡುತ್ತ ಒಂದು ದಿನ ನನಗೆ ತಿಳಿಯಿತು. ಕುಂಚ ಊರಿದ ಕಡೆ ಬಣ್ಣ ದಪ್ಪ ಕೂರುತ್ತದೆ, ಎತ್ತುವ ಕಡೆ ಸಣ್ಣಗಾಗುತ್ತದೆ. ಕನ್ನಡದ ತಲಕಟ್ಟನ್ನು ಯಾರೇ ಬರೆದರೂ ಎಡಕ್ಕೆ ದಪ್ಪ, ಬಲಕ್ಕೆ ಸಣ್ಣ ಇರುತ್ತದೆ. ಬೀರಪ್ಪನ ತಲಕಟ್ಟು ಬಲಕ್ಕೆ ದಪ್ಪ. ಲೋಕದಲ್ಲಿ ಇದು ಗೊತ್ತಿರುವವನು ನಾನೊಬ್ಬನೇ ಎನಿಸಿ ಖುಷಿಯಾಯಿತು. ಯಾರಿಗಾದರೂ ಹೇಳಬೇಕೆಂದು ನಾಲಗೆ ತುರಿಸುತ್ತಿತ್ತು.

ಮೂವತ್ತನೆಯ ಇಸವಿಯ ಬೇಸಿಗೆಯಲ್ಲಿ ಸೊಲ್ಲಾಪುರಕ್ಕೆ ಲಷ್ಕರ ಬಂತು. ಊರಿನಲ್ಲಿ ಲಷ್ಕರಿ ಕಾಯ್ದೆ. ಬಿಳಿ ಟೊಪ್ಪಿಗೆ ಹಾಕಿದರೂ ಹಿಡಿಯುತ್ತಿದ್ದರು. ಪ್ರೆಸ್ಸುಗಳಲ್ಲಿ ಬೀಡಿ ಲೇಬಲ್ಲು ಅಚ್ಚು ಹಾಕುವುದಕ್ಕೂ ಪರವಾನಿಗೆ ಬೇಕಾಯಿತು. ಆ ದಿನಗಳಲ್ಲಿ ನವಿ ಪೇಠೆಯ ಒಂದು ಗೋಡೆಯ ಮೇಲೆ ನಸುಕಿನಲ್ಲಿ ಒಂದು ಪೋಸ್ಟರ್ ಬಂತು. ಅಚ್ಚಾದದ್ದಲ್ಲ, ಕುಂಚದಿಂದ ಬರೆದದ್ದು. ಎರಡು ಬಂದೂಕುಗಳನ್ನು ಸಿಪಾಯಿಗಳು ಗೋಡೆಗೆ ಒರಗಿಸಿ ಹೋಗಿದ್ದಾರೆ. ಒಬ್ಬಳು ಮುದುಕಿ ಅವುಗಳ ಮೇಲೆ ತನ್ನ ಒದ್ದೆ ಸೀರೆಯನ್ನು ಒಣಹಾಕುತ್ತಿದ್ದಾಳೆ. ಕೆಳಗೆ: ‘ಊರು ನಮ್ಮದು. ಬಂದೂಕು ಯಾರದು?’

ಊರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕಿತು. ಎರಡನೆಯ ದಿನ ಇನ್ನೆರಡು ಕಡೆ ಅದೇ ಚಿತ್ರ ಕಾಣಿಸಿತು. ಮೂರನೆಯ ದಿನ ಬೀರಪ್ಪ ಕುರಿಯ ಉಣ್ಣೆ ಕತ್ತರಿಸುವ ಕೆಲಸವಿದೆಯೆಂದು ತಡವಳಕ್ಕೆ ಹೋದ. ನಾಲ್ಕನೆಯ ದಿನ ಪೊಲೀಸ್ ಫೌಜದಾರರು ನಮ್ಮ ಪ್ರೆಸ್ಸಿಗೆ ಬಂದರು.

ಅವರು ಧಾರವಾಡದ ಕಡೆಯವರು. ಒಳ್ಳೆಯ ಮಾತುಗಾರರು. ಬೈಯಲಿಲ್ಲ, ಹೆದರಿಸಲಿಲ್ಲ. ಗೋಡೆಯಿಂದ ಹುಷಾರಾಗಿ ಬಿಡಿಸಿ ತಂದ ಪೋಸ್ಟರನ್ನು ನನ್ನ ಮೇಜಿನ ಮೇಲೆ ಹಾಸಿದರು. ಮಾಲಕರು ಬಾಗಿಲಲ್ಲಿ ನಿಂತಿದ್ದರು. ಉಸ್ತಾದರು ಮೂಲೆಯಲ್ಲಿ ಬಗ್ಗಿ ಕಲ್ಲಿನ ಮೇಲೆ ಬರೆಯುತ್ತಿದ್ದರು. ಯಂತ್ರ ತಿರುಗಿಸುವ ಇಬ್ಬರು ಕೈಬಿಟ್ಟು ನಿಂತಿದ್ದರು.

‘ಚಿತ್ರ ಭಾಳ ಛಲೋ ಅದ’ ಎಂದರು ಫೌಜದಾರರು. ‘ನನಗ ಇದರಾಗಿಂದು ತಿಳಿಯೂದಿಲ್ಲ. ನೀವು ಕಲತವ್ರು. ಬರದವನ ಕೈ ಎಂಥಾದ್ದು ಅಂತೀರಿ?’

ಕಲತವ್ರು ಎಂಬ ಮಾತು ನನಗೆ ಸಾಕಾಯಿತು. ಪೋಸ್ಟರಿನ ಮೇಲೆ ಬಾಗಿದೆ. ಭೂತಗನ್ನಡಿ ತೆಗೆದುಕೊಂಡೆ.

‘ಕೈ ಪಳಗೇದ್ರಿ. ಆದ್ರ ಒಂದು ಮಜಾ ಅದ. ಈ ತಲಕಟ್ಟು ನೋಡ್ರಿ. ದಪ್ಪ ಯಾವ ಕಡೆ ಅದ?’

‘ಬಲಗಡೆ.’

‘ಹಾಂ. ಅಂದ್ರ ಕುಂಚ ಮೊದಲು ಊರಿದ್ದು ಬಲಗಡೆ. ಎಲ್ಲಾ ಅಕ್ಷರ ಹಂಗ ಅವ. ಇವ ಬಲದಿಂದ ಎಡಕ್ಕ ಬರಿಯಾಂವ. ಸಾಲ್ಯಾಗ ಕಲತ ಕೈ ಹಿಂಗ ಬರಿಯೂದಿಲ್ರಿ.’

ಉಸ್ತಾದರು ತಲೆ ಎತ್ತಿ ನನ್ನನ್ನು ನೋಡಿದರು. ಆಗ ನನಗೆ ನಾನೇನು ಹೇಳಿದೆನೆಂಬುದು ತಿಳಿಯಿತು. ಹುಡುಗರೇ, ನಾನು ಬಹಳ ವರ್ಷ ನನಗೆ ನಾನೇ ಹೇಳಿಕೊಂಡದ್ದು ಹೀಗೆ: ಬಾಯಿ ಜಾರಿತು, ಯೋಚನೆ ಇರಲಿಲ್ಲ. ಅದು ಪೂರಾ ನಿಜವಲ್ಲ. ಭೂತಗನ್ನಡಿ ಕೈಗೆ ತೆಗೆದುಕೊಳ್ಳುವಾಗ ಅದು ಯಾರ ಕೈಯೆಂದು ನನಗೆ ಗೊತ್ತಿತ್ತು. ಹೆಸರು ಹೇಳುತ್ತಿಲ್ಲವಲ್ಲ, ಬರಿಯ ಅಕ್ಷರದ ಮಾತು ತಾನೆ, ಎಂದು ಒಳಗಿನಿಂದ ಯಾರೋ ಅಂದದ್ದೂ ನೆನಪಿದೆ.

ಫೌಜದಾರರು ತಮ್ಮ ಸಿಪಾಯಿಯಿಂದ ಶಾಯಿ, ಕುಂಚ, ಕಾಗದ ತರಿಸಿದರು. ‘ಎಲ್ಲಾರೂ ಈ ಸಾಲು ಒಂದೊಂದ ಸಲ ಬರೀರಿ’ ಎಂದರು. ಮೊದಲು ನಾನು ಬರೆದೆ. ಎಡದಿಂದ ಬಲಕ್ಕೆ, ಸಾಲೆಯ ಕೈ. ಯಂತ್ರದವರಿಬ್ಬರಿಗೆ ಕನ್ನಡ ಬರುತ್ತಿರಲಿಲ್ಲ.

‘ಮತ್ತ ಯಾರದಾರ ಇಲ್ಲಿ?’

‘ಕಲ್ಲು ಅರಿಯಾಂವ ಒಬ್ಬ ಅದಾನ್ರಿ. ಊರಿಗೆ ಹೋಗ್ಯಾನ. ಅವಗ ಅಕ್ಷರ ಬರೂದಿಲ್ಲ’ ಎಂದರು ಮಾಲಕರು.

‘ಬರಲಿ, ಬರದೇ ಇರಲಿ. ಕರಸ್ರಿ. ಯಾವೂರವ?’

ಮಾಲಕರು ಬಾಯಿ ತೆರೆಯುವ ಮೊದಲು ಉಸ್ತಾದರು ಎದ್ದರು. ಮೊಣಕಾಲು ಹಿಡಿದುಕೊಂಡು ಎದ್ದು ಬಂದು, ‘ನಾನು ಉಳದೀನಲ್ರಿ ಸಾಹೇಬ್ರ. ಮುದುಕ ಅಂತ ಲೆಕ್ಕಾನ ಬಿಟ್ರೇನು?’ ಎಂದು ನನ್ನ ಪಕ್ಕದಲ್ಲಿ ಕೂತರು. ಕುಂಚ ಅದ್ದಿ, ಕಾಗದದ ಬಲ ತುದಿಯಲ್ಲಿ ಊರಿ, ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರ ಬರೆದರು. ಊರು ನಮ್ಮದು. ಬಂದೂಕು ಯಾರದು?

ಫೌಜದಾರರು ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ನನ್ನ ಭೂತಗನ್ನಡಿಯಿಂದಲೇ ನೋಡಿದರು.

‘ನೀವು ಉರ್ದು ಬರೀತೀರಲ್ಲ?’

‘ಹೌದ್ರಿ. ಉರ್ದು ಕೈ. ಬಲದಿಂದನ ಸುರು.’

ಫೌಜದಾರರಿಗೆ ಅಷ್ಟು ಸಾಕಾಯಿತು. ಆದರೆ ಉಸ್ತಾದರು ಚೀಟಿ ಬರೆಯುವಾಗ, ಹೆಂಡತಿಗೆ ಕಿರಾಣಿ ಪಟ್ಟಿ ಬರೆಯುವಾಗ, ಕನ್ನಡವನ್ನು ಎಡದಿಂದಲೇ ಬರೆಯುತ್ತಿದ್ದರು. ನೂರು ಸಲ ನೋಡಿದ್ದೆ. ‘ಇದು ಅವರ ಕೈ ಅಲ್ಲ’ ಎಂದು ನಾನು ಒಂದು ಮಾತು ಹೇಳಬಹುದಾಗಿತ್ತು. ಹೇಳಿದ್ದರೆ ಬೀರಪ್ಪನನ್ನು ಕರೆಸುತ್ತಿದ್ದರು. ಹೇಳದಿದ್ದರೆ ಉಸ್ತಾದರು ಹೋಗುತ್ತಿದ್ದರು. ನಾನು ಹೇಳಲಿಲ್ಲ. ಅದು ಬೀರಪ್ಪನ ಮೇಲಿನ ಪ್ರೀತಿಯೋ ನನ್ನ ಹೆದರಿಕೆಯೋ ಎಂಬುದನ್ನು ಬಿಡಿಸಿ ನೋಡುವ ಭೂತಗನ್ನಡಿ ನನ್ನ ಹತ್ತಿರ ಇರಲಿಲ್ಲ. ಹೊರಡುವಾಗ ಉಸ್ತಾದರು, ‘ಆ ಕಲ್ಲು ಒಣಗಾಕ ಬಿಡಬ್ಯಾಡ. ಅರ್ಧ ಸಾಲು ಉಳದದ’ ಎಂದಷ್ಟೇ ಹೇಳಿದರು. ಆ ಅರ್ಧ ಸಾಲನ್ನು ನಾನು ಮುಗಿಸಿದೆ. ಊದಿನಕಡ್ಡಿಯ ಲೇಬಲ್ಲು ಅದು.

ಉಸ್ತಾದರಿಗೆ ಆರು ತಿಂಗಳ ಸಕ್ತಮಜೂರಿ, ಎಂದರೆ ಕಠಿಣ ದುಡಿಮೆಯ ಶಿಕ್ಷೆಯಾಯಿತು.

ತಡವಳಕ್ಕೆ ಹೋಗುವ ಚಕ್ಕಡಿಯವನ ಕೈಯಲ್ಲಿ, ಪೊಲೀಸರು ಬಂದಿದ್ದರು, ಸದ್ಯಕ್ಕೆ ಬರಬೇಡ ಎಂದು ಬೀರಪ್ಪನಿಗೆ ಹೇಳಿ ಕಳಿಸಿದೆ. ತಡವಳ ಅಕ್ಕಲಕೋಟೆ ಸಂಸ್ಥಾನದ ಊರು. ಸೊಲ್ಲಾಪುರದ ಪೊಲೀಸರು ಅಲ್ಲಿಗೆ ಹಾಗೆಲ್ಲ ನುಗ್ಗುವಂತಿರಲಿಲ್ಲ. ಅವನು ತಿರುಗಿ, ‘ಉಸ್ತಾದರು ಹೆಂಗದಾರ?’ ಎಂದು ಕೇಳಿ ಕಳಿಸಿದ. ‘ಗುಲಬರ್ಗಾಕ್ಕ ತಂಗಿ ಮನಿಗೆ ಹೋಗ್ಯಾರ’ ಎಂದು ಉತ್ತರ ಹೇಳಿಸಿದೆ. ನಿಜ ತಿಳಿದರೆ ಅವನು ನಡೆದುಕೊಂಡು ಬಂದು ಒಪ್ಪಿಕೊಳ್ಳುತ್ತಾನೆ ಎಂಬುದು ನಾನು ಕೊಟ್ಟುಕೊಂಡ ಕಾರಣ. ಬಂದರೆ, ನನ್ನ ಕೈ ಹೆಂಗ ತಿಳೀತು ಆ ಫೌಜದಾರಗ, ಎಂದು ಕೇಳುತ್ತಾನೆ ಎಂಬುದು ಕೊಟ್ಟುಕೊಳ್ಳದ ಕಾರಣ.

ಪೋಸ್ಟರುಗಳು ನಿಂತುಹೋದವು. ಮಾಲಕರು ಒಂದು ದಿನ, ‘ಇಮಾಮಸಾಬ ಒಳಗ ಹೋದ, ಪೋಷ್ಟರ ನಿಂತವು. ಫೌಜದಾರ ಬರೋಬ್ಬರಿ ಮನಶ್ಯಾನ್ನ ಹಿಡದಾನ’ ಎಂದರು. ಆ ಮಾತಿನಿಂದ ನನಗೆ ಹೊಳೆಯಿತು. ಉಸ್ತಾದರು ಒಳಗಿರುವಾಗಲೇ ಅದೇ ಕೈಯ ಪೋಸ್ಟರ್ ಮತ್ತೆ ಗೋಡೆಗೆ ಬಂದರೆ? ಬಲದಿಂದ ಎಡಕ್ಕೆ ಬರೆದದ್ದು? ಆಗ ಬರೆದವರು ಉಸ್ತಾದರಲ್ಲ ಎಂದು ಗೋಡೆಯೇ ಸಾಕ್ಷಿ ಹೇಳುತ್ತದೆ. ಬೀರಪ್ಪ ಊರಲ್ಲಿರಲಿಲ್ಲ. ಆ ಕೈಯನ್ನು ಅಷ್ಟು ಬಲ್ಲವನು ಇನ್ನು ನಾನೊಬ್ಬನೇ.

ಹದಿನೈದು ದಿನ ಅಭ್ಯಾಸ ಮಾಡಿದೆ. ಮೊದಮೊದಲು ಕೈ ಎಡದಿಂದಲೇ ಸುರು ಮಾಡುತ್ತಿತ್ತು. ಕಲ್ಲಿನ ಮೇಲೆ ತಿರುಗಿಸಿ ಬರೆಯುವುದು ಬೇರೆ, ನೆಟ್ಟಗಿನ ಅಕ್ಷರವನ್ನು ಬಲದಿಂದ ಬರೆಯುವುದು ಬೇರೆ. ‘ಯಾ’ ಎಂಬ ಅಕ್ಷರ ಬಹಳ ಕಾಡಿತು. ಎಷ್ಟೊಂದು ಸುರುಳಿ ಅದಕ್ಕೆ. ಬರೆದ ಕಾಗದಗಳನ್ನೆಲ್ಲ ಒಲೆಗೆ ಹಾಕುತ್ತಿದ್ದೆ. ನನ್ನ ಹೆಂಡತಿ ನೀಲವ್ವ, ‘ಕಟಗಿ ತರ್ರಿ ಅಂದ್ರ ಕಾಗದ ತರ್ತೀರಿ’ ಎನ್ನುತ್ತಿದ್ದಳು. ಕಡೆಗೊಂದು ವಾರದ ಸೂಟಿಯ ದಿನ, ಮಧ್ಯಾಹ್ನ ಕದ ಹಾಕಿಕೊಂಡು, ಇಡೀ ಪೋಸ್ಟರ್ ಬರೆದೆ. ಮುದುಕಿ, ಬಂದೂಕು, ಸೀರೆ, ಸಾಲು. ಬೀರಪ್ಪ ನೋಡಿದ್ದರೆ ತಾನೇ ಬರೆದದ್ದೆಂದು ತಿಳಿಯುತ್ತಿದ್ದ. ನನ್ನ ಜೀವನದ ಅತಿ ಒಳ್ಳೆಯ ಕೆಲಸ ಅದು, ಅದರಲ್ಲಿ ಒಂದು ಗೆರೆಯೂ ನನ್ನದಲ್ಲ.

ಜೋಳದ ಹಿಟ್ಟು ಕುದಿಸಿ ಅಂಟು ಮಾಡಿ, ಊಟದ ಡಬ್ಬಿಯಲ್ಲಿ ತುಂಬಿಕೊಂಡು, ಪೋಸ್ಟರನ್ನು ಅಂಗಿಯೊಳಗೆ ಸುತ್ತಿಕೊಂಡು ನಸುಕಿನಲ್ಲಿ ಹೊರಟೆ. ನವಿ ಪೇಠೆಯ ಆ ಗೋಡೆಯ ತನಕ ಹೋದೆ. ಯಾರೂ ಇರಲಿಲ್ಲ. ಸಿಪಾಯಿ ಇದ್ದ, ಹೆದರಿ ಬಂದೆ ಎಂದು ಬರೆಯಬಹುದಿತ್ತು. ಇರಲಿಲ್ಲ. ಖಾಲಿ ಗೋಡೆ ಇತ್ತು. ಮೊದಲಿನ ಪೋಸ್ಟರ್ ಬಿಡಿಸಿದ ಕಲೆ ಇನ್ನೂ ಇತ್ತು. ಸ್ವಲ್ಪ ಹೊತ್ತು ಅದನ್ನು ನೋಡುತ್ತ ನಿಂತೆ. ನಾಳೆ ಹಚ್ಚಿದರಾಯಿತು ಎಂದುಕೊಂಡು ಪ್ರೆಸ್ಸಿಗೆ ಹೋದೆ.

ಎರಡು ದಿನ ಬಿಟ್ಟು ನೀಲವ್ವ ಡಬ್ಬಿ ತೆಗೆದು ಮೂಸಿ ನೋಡಿ, ‘ಇದೇನ್ರಿ, ಡಬ್ಬ್ಯಾಗ ಅಂಬಲಿ ಒಣಗಿ ಹತ್ತೇದ? ಯಾರು ಮಾಡಿಕೊಟ್ಟಾರ? ಉಪ್ಪು ಸುದ್ದಾ ಹಾಕಿಲ್ಲ’ ಎಂದಳು. ನಾಲಗೆಗೆ ಹಚ್ಚಿ ನೋಡಿದ್ದಳು. ಅವಳು ಡಬ್ಬಿಯನ್ನು ಬೂದಿ ಹಾಕಿ ಎರಡು ಸಲ ತಿಕ್ಕಿದಳು. ಅಂಟು ಬಿಡಲು ಬಹಳ ಹೊತ್ತಾಯಿತು. ಆ ನಾಳೆ ಮತ್ತೆ ಬರಲಿಲ್ಲ. ಪೋಸ್ಟರನ್ನು ಟ್ರಂಕಿನ ತಳದಲ್ಲಿಟ್ಟೆ.

ಉಸ್ತಾದರು ಹೊರಗೆ ಬಂದಾಗ ಚಳಿಗಾಲ. ಜೇಲಿನಲ್ಲಿ ಬೀಸುವ ಕಲ್ಲಿಗೆ ಹಾಕಿದ್ದರಂತೆ. ಬೆರಳಿನ ಗೆಣ್ಣುಗಳು ಊದಿದ್ದವು. ಪ್ರೆಸ್ಸಿಗೆ ಬಂದು ತಮ್ಮ ಜಾಗದಲ್ಲಿ ಕೂತು, ಉಸಿರು ಹಿಡಿದು ಒಂದು ಗೆರೆ ಎಳೆದರು. ಗೆರೆ ನಡುಗಿತು. ಇನ್ನೊಂದು ಎಳೆದರು. ಆಮೇಲೆ ಕುಂಚವನ್ನು ತೊಳೆದು, ಒರೆಸಿ, ನನ್ನ ಮೇಜಿನ ಮೇಲಿಟ್ಟು, ಹೋಗಿ ಕಲ್ಲು ಅರೆಯುವ ಜಾಗದಲ್ಲಿ ಕೂತರು. ‘ಬೀಸೂದು ರೂಢಿ ಆಗೇದ. ಇದೂ ಹಂತಾದ’ ಎಂದರು.

ಬೀರಪ್ಪ ಬಂದದ್ದು ಅದರ ಮರುವಾರ. ದಾರಿಯಲ್ಲಿ ಮಿಲ್ಲಿನವರು ಅವನಿಗೆ ಎಲ್ಲ ಹೇಳಿದ್ದರು. ಬಂದವನು ಉಸ್ತಾದರ ಮುಂದೆ ಕುಕ್ಕುರುಗಾಲಲ್ಲಿ ಕೂತು ಅವರ ಕೈ ಹಿಡಿದುಕೊಂಡ.

‘ನನ್ನ ಸಲುವಾಗಿ ಯಾಕ ಹೋದ್ರಿ?’

‘ನಿನ್ನ ಸಲುವಾಗಿ ಯಾರು ಹೋಗ್ಯಾರ? ಸರಕಾರಿ ಶಾಯಿ ಛಲೋ ಇತ್ತು, ಒಂದ ಸಾಲು ಬರೀಬೇಕನಿಸ್ತು.’

‘ಆ ಫೌಜದಾರಗ ಬಲದಿಂದ ಬರಿಯೂದು ಹೆಂಗ ಗೊತ್ತಾತ್ರಿ?’

ನಾನು ಪಕ್ಕದಲ್ಲೇ ನಿಂತಿದ್ದೆ. ಉಸ್ತಾದರು ನನ್ನ ಕಡೆ ನೋಡಲಿಲ್ಲ. ‘ಶಾಣ್ಯಾ ಇದ್ದ ಫೌಜದಾರ’ ಎಂದರು. ಬೀರಪ್ಪ ಅದನ್ನು ನಂಬಿದ. ನನ್ನನ್ನೂ ನಂಬಿದ. ಗುಲಬರ್ಗಾದ ಸುಳ್ಳನ್ನು ಕೂಡ, ‘ನಾ ಓಡಿ ಬರತೀನಂತ ಹಂಗ ಹೇಳಿದ್ರಿ, ಗೌಡ್ರ, ಹೌದಲ್ರೀ?’ ಎಂದು ತಾನೇ ಕ್ಷಮಿಸಿಬಿಟ್ಟ. ನಾನು ಹೂಂ ಅಂದೆ. ಅವನು ತೀರಿಕೊಳ್ಳುವ ತನಕ ಗೆಳೆಯರಾಗಿದ್ದೆವು. ಹೇಳಲು ಎಷ್ಟೋ ಸಂಜೆಗಳಿದ್ದವು. ಹೇಳಲಿಲ್ಲ.

ಅಲ್ಲಿಂದ ಮುಂದೆ ಪ್ರೆಸ್ಸಿನಲ್ಲಿ ಬೀರಪ್ಪ ಬರೆಯತೊಡಗಿದ, ಉಸ್ತಾದರು ಅವನಿಗೆ ಕಲ್ಲು ಅರೆದುಕೊಡತೊಡಗಿದರು. ಕಲ್ಲಿನ ಮೇಲೆ ಅವನಷ್ಟು ಸಲೀಸಾಗಿ ಬರೆದವರನ್ನು ನಾನು ಕಂಡಿಲ್ಲ. ಅವನಿಗೆ ಅದು ತಿರುಗಿಸುವ ಕೆಲಸವೇ ಆಗಿರಲಿಲ್ಲವಲ್ಲ. ಪೋಸ್ಟರುಗಳನ್ನೂ ಬರೆದ. ಬಾವಿಯದು, ಬಾಡಿಗೆಯದು, ಸಾಲೆಯಲ್ಲಿ ಎಲ್ಲ ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಬೇಕೆಂಬುದು. ನಾನೂ ಬರೆದೆ. ನನ್ನವು ಅಷ್ಟಕ್ಕಷ್ಟೇ.

ಮೂವತ್ತರ ದಶಕದ ಕೊನೆಗೆ ಕಲ್ಲಿನ ಬದಲು ಸತುವಿನ ಹಾಳೆ ಬಂತು, ಫೋಟೋ ತೆಗೆದು ಬ್ಲಾಕು ಮಾಡುವುದು ಬಂತು. ತಿರುಗಿಸಿ ಬರೆಯುವ ಅಗತ್ಯವೇ ಕಡಿಮೆಯಾಯಿತು. ಮಾಲಕರು ಕಲ್ಲುಗಳನ್ನು ಮಾರಿದರು. ಕೆಲವು ನವಿ ಪೇಠೆಯ ಅಂಗಡಿಗಳ ಮೆಟ್ಟಿಲಾದವು. ಒಂದು ಕಲ್ಲನ್ನು ಉಸ್ತಾದರು ಮನೆಗೆ ಒಯ್ದು ಬಚ್ಚಲಲ್ಲಿ ಬಟ್ಟೆ ಒಗೆಯಲು ಹಾಕಿಸಿಕೊಂಡಿದ್ದರು. ಆ ವರ್ಷವೇ ಅವರು ಹಾಸಿಗೆ ಹಿಡಿದರು. ನಾನು ಟ್ರಂಕಿನ ತಳದಿಂದ ಪೋಸ್ಟರ್ ತೆಗೆದುಕೊಂಡು ಅವರ ಮನೆಗೆ ಹೋದೆ.

ಹಾಸಿಗೆಯ ಮೇಲೆ ಬಿಚ್ಚಿ ಹಾಸಿದೆ. ‘ನೀವು ಒಳಗಿದ್ದಾಗ ಬರದಿದ್ದೆ. ಹಚ್ಚಿದ್ರ ನೀವು ಹೊರಗ ಬರತಿದ್ರಿ. ಹಚ್ಚಲಿಲ್ಲ’ ಎಂದೆ.

ಅವರು ಭೂತಗನ್ನಡಿ ಕೇಳಿದರು. ಮುದುಕಿಯ ಸೀರೆಯಿಂದ ಹಿಡಿದು ಕೊನೆಯ ಅಕ್ಷರದ ತನಕ ಸಾವಕಾಶವಾಗಿ ನೋಡಿದರು. ಹಳೆಯ ದಿನಗಳಲ್ಲಿ ನನ್ನ ಕಲ್ಲು ತಪಾಸಣೆ ಮಾಡುತ್ತಿದ್ದ ಹಾಗೆಯೇ. ಆಮೇಲೆ ಊದಿದ ಬೆರಳನ್ನು ಒಂದು ಕಡೆ ಇಟ್ಟರು.

‘ಈ ಯಾ ನೋಡು ಬೇಟಾ. ಇದೊಂದು ಎಡಗಡಿಂದ ಸುರು ಮಾಡೀದಿ.’

‘ಎಲ್ಲಿ?’

‘ಇಲ್ಲಿ. ದಪ್ಪ ಎಡಕ್ಕ ಅದ. ಆ ಫೌಜದಾರಗ ನೀನ ಕಲಿಸಿದ್ದಿ, ಅಂವ ಇದನ್ನ ಬಿಡತಿದ್ದಿಲ್ಲ. ನೀನೂ ಒಳಗ ಬರತಿದ್ದಿ, ನಾನೂ ಹೊರಗ ಬರತಿದ್ದಿಲ್ಲ. ಇಬ್ಬರೂ ಕೂಡಿ ಬೀಸತಿದ್ದಿವಿ.’ ಸ್ವಲ್ಪ ನಕ್ಕರು. ‘ಹಚ್ಚಲಿಲ್ಲ, ಛಲೋ ಮಾಡಿದಿ. ಈಗ ಸುತ್ತಿಡು. ಚಹಾ ಕುಡದು ಹೋಗು.’

ಕಣ್ಣಲ್ಲಿ ನೀರು ಬಂದು ನನಗೆ ಆ ಅಕ್ಷರ ಸರಿಯಾಗಿ ಕಾಣಲಿಲ್ಲ. ಅವರ ಮಾತನ್ನು ತೆಗೆದುಕೊಂಡೆ. ಚಹಾ ಕುಡಿದೆ. ಎಷ್ಟೋ ವರ್ಷಗಳ ಮೇಲೆ ಅಂದು ಹಗುರಾಗಿ ಮನೆಗೆ ನಡೆದೆ. ಹತ್ತು ದಿನದಲ್ಲಿ ಅವರು ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ, ಅವರು ಬೆರಳಿಟ್ಟ ಜಾಗವನ್ನು ಮತ್ತೊಮ್ಮೆ ನೋಡಬೇಕೆನಿಸಿತು. ಪೋಸ್ಟರ್ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ಯಾ ಬಲದಿಂದಲೇ ಸುರುವಾಗಿತ್ತು. ದಪ್ಪ ಬಲಕ್ಕೇ ಇತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಉಸ್ತಾದರ ಕಣ್ಣು ಕೊನೆಯ ತನಕ ಚೆನ್ನಾಗಿತ್ತು. ಆದರೂ ಕಾಯಿಲೆಯಲ್ಲಿ ಮಂಜಾಗಿತ್ತೇನೋ ಎಂದುಕೊಂಡು ಆಗಾಗ ತೆಗೆದು ನೋಡುತ್ತೇನೆ. ಹೋದ ವಾರವೂ ನೋಡಿದೆ. ಈಗ ನನ್ನ ಕಣ್ಣೇ ಮಂಜಾಗಿದೆ. ಈ ಬರಹದ ಜೊತೆಗೆ ಆ ಪೋಸ್ಟರನ್ನೂ ಹುಡುಗರ ಕೈಗೆ ಕೊಡುತ್ತಿದ್ದೇನೆ. ನಿಮ್ಮ ಕಣ್ಣುಗಳು ಇನ್ನೂ ಎಳೆಯವು. ಕೊನೆಯ ಸಾಲಿನ ಯಾ ಯಾವ ಕಡೆಯಿಂದ ಸುರುವಾಗಿದೆ, ನೋಡಿ ಹೇಳಿ.